ಆಯಿ ಎಲ್ಲಿದ್ದಾಳೆ, ತೋರಿಸು

ಹೋದ ತಿಂಗಳು ಸ್ನೇಹಾ ನಮ್ಮ ಮನೆಗೆ ಬಂದಿದ್ದಳು. ಮಿರಜಿನ ಹತ್ತಿರದ ಆರಗ ಎಂಬ ಊರಿನ ನಮ್ಮ ಓಣಿಯವರೇ ಆಗಿ ಈಗ ಸಾಂಗಲಿಯಲ್ಲಿ ನೆಲೆಸಿರುವ ಮಗದುಮ್ಮರ ಮೊಮ್ಮಗಳು. ನಾನು ನಿವೃತ್ತನಾಗುವ ತನಕ ಮಾಡಿದ ಕೆಲಸವೇ ಈಗ ಅವಳಿಗೆ ಸಿಕ್ಕಿದೆ: ಕೇಂದ್ರಪ್ರಮುಖ. ಹತ್ತು ಹದಿನೈದು ಸರಕಾರಿ ಶಾಲೆಗಳಿಗೆ ಹೋಗಿ ಪಾಠ ಹೇಗೆ ನಡೆದಿದೆ, ಮಕ್ಕಳಿಗೆ ಎಷ್ಟು ಬರುತ್ತದೆ ಎಂದು ನೋಡಿ ಮೇಲಿನವರಿಗೆ ತಿಳಿಸುವ ಕೆಲಸ. ಮಾಸ್ತರರ ಕಣ್ಣಿಗೆ ನಾವು ಸಾಹೇಬರು, ಸಾಹೇಬರ ಕಣ್ಣಿಗೆ ಕಾರಕೂನರು.

"ಕಾಕಾ, ಶಾಳೆತ ಗೇಲ್ಯಾವರ್... ಅಂದ್ರ, ಸಾಲಿಗೆ ಹೋದಮ್ಯಾಲೆ ಮೊದಲ ಏನ ನೋಡಬೇಕರಿ?" ಎಂದು ಕೇಳಿದಳು. ಅವಳ ಕನ್ನಡ ಹೀಗೇ, ಅರ್ಧ ದಾರಿಯಲ್ಲಿ ಮರಾಠಿ ಹತ್ತಿಕೊಂಡು ಮತ್ತೆ ಇಳಿಯುತ್ತದೆ.

"ಹಜೇರಿ ನೋಡು. ಮಕ್ಕಳು ಬಂದಿದ್ರ ಉಳಿದದ್ದೆಲ್ಲಾ ಆಮ್ಯಾಲೆ," ಎಂದೆ.

ಅವಳು ಅದನ್ನು ಮೊಬೈಲಿನಲ್ಲಿ ಬರೆದುಕೊಂಡು, ಚಹಾ ಕುಡಿದು ಹೋದಳು. ಹೋದ ಮೇಲೆ ನನಗೆ ನನ್ನ ಮೇಲೇ ಸಿಟ್ಟು ಬಂತು. ಎಲ್ಲರೂ ಕೊಡುವ ಉತ್ತರವನ್ನೇ ನಾನೂ ಕೊಟ್ಟು ಕಳಿಸಿದ್ದೆ. ನನ್ನ ಕೈಯಾರೆ ಮಿರಜಿನ ಒಂದು ಶಾಲೆಯನ್ನು ಮುಚ್ಚಿಸುವ ಹಂತಕ್ಕೆ ತಂದು, ಒಬ್ಬ ಒಳ್ಳೆಯ ಶಿಕ್ಷಕಿಯ ಹೆಸರಿಗೆ ಮಸಿ ಬಳಿದದ್ದನ್ನು ಹೇಳಲೇ ಇಲ್ಲ. ಅದನ್ನು ಈಗ ಬರೆಯುತ್ತಿದ್ದೇನೆ, ನಿವೃತ್ತಿಯ ಮೇಲೆ ಮತ್ತೆ ರೂಢಿ ಮಾಡಿಕೊಂಡ ಕನ್ನಡದಲ್ಲಿ. ಸ್ನೇಹಾಳಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಓದಿ ಹೇಳಲು ಮನೆಯಲ್ಲಿ ಅವಳ ಅಜ್ಜಿ ಇದ್ದಾರೆ.

ಮೊದಲು ಯಾದಿಯ ಸುದ್ದಿ. ವರ್ಷಕ್ಕೊಮ್ಮೆ ನಗರದ ಸರಕಾರಿ ಶಾಲೆಗಳ ಮಕ್ಕಳನ್ನು ಪರೀಕ್ಷಿಸಿ ಒಂದು ಯಾದಿ ಮಾಡುತ್ತಿದ್ದೆವು. ಓದು ಬರಹ ಲೆಕ್ಕ ಚೆನ್ನಾಗಿರುವ ಶಾಲೆಗಳಿಗೆ ಹಸಿರು, ನಡುವಿನವಕ್ಕೆ ಹಳದಿ, ಹಿಂದುಳಿದವಕ್ಕೆ ಕೆಂಪು. ಒಂದೇ ನಗರ, ಒಂದೇ ಪುಸ್ತಕ, ಮಧ್ಯಾಹ್ನ ಒಂದೇ ಖಿಚಡಿ, ಒಂದೇ ಪರೀಕ್ಷೆ ಪಾಸಾಗಿ ಬಂದ ಮಾಸ್ತರರು. ಆದರೂ ಒಂದು ಶಾಲೆ ಹಸಿರು, ಅದರಿಂದ ಕೂಗಳತೆಯಲ್ಲಿರುವ ಇನ್ನೊಂದು ಕೆಂಪು. ಯಾಕೆ ಎಂದು ಕೇಳಿದರೆ ಕಚೇರಿಯಲ್ಲಿ ಸಿದ್ಧ ಉತ್ತರವಿತ್ತು: ಅಲ್ಲಿಯ ಮಾಸ್ತರ ಹುಷಾರು, ಇಲ್ಲಿಯವನು ಮೈಗಳ್ಳ. ಮೊದಲ ಕೆಲವು ವರ್ಷ ನಾನೂ ಅದನ್ನೇ ನಂಬಿದ್ದೆ. ನಂಬಿದರೆ ಕೆಲಸ ಬೇಗ ಮುಗಿಯುತ್ತದೆ.

ಆ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟವರು ನನ್ನ ಮೊದಲ ಸಾಹೇಬರು. ದಪ್ಪ ಕನ್ನಡಕದ, ಕಡಿಮೆ ಮಾತಿನ ಮನುಷ್ಯ. ಸ್ಕೂಟರಿನ ಹಿಂದೆ ನನ್ನನ್ನು ಕೂಡಿಸಿಕೊಂಡು ಒಂದು ಶಾಲೆಗೆ ಹೋದರು. ಮೂರನೆಯ ತರಗತಿಯ ಮಕ್ಕಳು ಪಾಠವನ್ನು ಎಲ್ಲೂ ತಡವರಿಸದೆ ಓದಿದರು. ನಾನು ಖುಷಿಯಿಂದ ಅಂಕ ಹಾಕುತ್ತಿದ್ದೆ. ಸಾಹೇಬರು ಎದ್ದು ಬಂದು ಒಬ್ಬ ಹುಡುಗನ ಪುಸ್ತಕದಲ್ಲಿ ಪುಟದ ನಟ್ಟನಡುವಿನ ಒಂದು ಶಬ್ದದ ಮೇಲೆ ಬೆರಳಿಟ್ಟು, ಇದೇನು ಎಂದು ಕೇಳಿದರು. ಹುಡುಗ ಬಾಯೊಳಗೇ ಪಾಠವನ್ನು ಮೊದಲಿನಿಂದ ಗುನುಗುತ್ತಾ ಆ ಶಬ್ದದ ತನಕ ಬಂದು, ಆಮೇಲೆ ಗಟ್ಟಿಯಾಗಿ ಹೇಳಿದ. ಉತ್ತರ ಸರಿಯೇ ಇತ್ತು. ಹೊರಗೆ ಬಂದು ಸ್ಕೂಟರಿಗೆ ಕಿಕ್ ಹೊಡೆಯುವಾಗ ಸಾಹೇಬರು ಒಂದೇ ಮಾತು ಹೇಳಿದರು: "ಚೌಗುಲೆ, ಉತ್ತರ ಕೇಳಬೇಡಿ, ಉತ್ತರ ಎಲ್ಲಿಂದ ಬಂತು ಅದನ್ನು ಕೇಳಿ." ಮಾತು ಚೆನ್ನಾಗಿದೆ ಎಂದು ಡೈರಿಯಲ್ಲಿ ಬರೆದಿಟ್ಟುಕೊಂಡೆ. ಬರೆದಿಟ್ಟುಕೊಂಡದ್ದೇ ಆಯಿತು.

ಇನ್ನೊಂದು ಶಾಲೆ ಪ್ರತಿ ವರ್ಷ ಹಸಿರು. ಹೆಸರು ಬೇಡ. ಪರೀಕ್ಷೆಯ ದಿನ ನಾನು ಅಲ್ಲಿಗೆ ಹೊರಟಾಗ ಮಾಧವನಗರದ ಶೇರ್ ಆಟೋ ನಿಲ್ಲುವ ಕಡೆ ಆ ಶಾಲೆಯ ಅಂಗಿ ತೊಟ್ಟ ಮೂವರು ಮಕ್ಕಳು ಗೋಟಿ ಆಡುತ್ತಿದ್ದರು. ಸಾಲಿ ಇಲ್ಲವೇ ಎಂದು ಕೇಳಿದೆ. ಅವರಲ್ಲಿ ಒಬ್ಬ ತಲೆ ಎತ್ತದೆ, ಇವತ್ತು ಹುಷಾರ ಮಕ್ಕಳ ಪರೀಕ್ಷೆ ಇದೆ, ನಮಗೆ ಸೂಟಿ ಎಂದ. ಅವನ ಮುಖದಲ್ಲಿ ಬೇಸರ ಇರಲಿಲ್ಲ, ಅದು ನನಗೆ ಹೆಚ್ಚು ಬೇಸರ ತಂದಿತು. ಮೂವರನ್ನೂ ಕರೆದುಕೊಂಡು ಹೋಗಿ ತರಗತಿಯಲ್ಲಿ ಕೂಡಿಸಿದೆ. ಹೆಡ್ ಮಾಸ್ತರರು ನನಗೆ ಚಹಾ ತರಿಸುವುದನ್ನು ಮರೆತರು. ಆ ವರ್ಷ ಆ ಶಾಲೆ ಹಳದಿಗೆ ಇಳಿಯಿತು. ನಿಜ ಹೇಳಬೇಕೆಂದರೆ ಅದು ಮೊದಲಿನಿಂದಲೂ ಹಳದಿಯೇ.

ಮತ್ತೊಂದು ಕಡೆ ನಾಲ್ಕನೆಯ ತರಗತಿಯ ಹುಡುಗಿಯರೆಲ್ಲ ಲೆಕ್ಕದಲ್ಲಿ ಹಿಂದೆ, ಹುಡುಗರು ಮುಂದೆ. ಹುಡುಗಿಯರ ತಲೆಗೆ ಲೆಕ್ಕ ಹತ್ತುವುದಿಲ್ಲ ಎಂದು ಅಲ್ಲಿಯ ಮಾಸ್ತರರು ನಿಶ್ಚಿಂತೆಯಿಂದ ಹೇಳಿದರು. ಎರಡು ದಿನ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದೆ. ಮಧ್ಯಾಹ್ನ ಅಂಗನವಾಡಿ ಬಿಡುವ ಹೊತ್ತಿಗೆ ತಮ್ಮ ತಂಗಿಯರನ್ನು ಮನೆಗೆ ಮುಟ್ಟಿಸಿ ಬರಲು ಆ ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ವೇಳಾಪಟ್ಟಿಯಲ್ಲಿ ಆ ಹೊತ್ತಿನಲ್ಲೇ ಲೆಕ್ಕದ ಪಾಠ. ಪಾಠವನ್ನು ಬೆಳಗಿನ ಮೊದಲ ತಾಸಿಗೆ ತರಿಸಿದೆ, ಅಷ್ಟೇ. ಆರು ತಿಂಗಳಲ್ಲಿ ಹುಡುಗಿಯರ ತಲೆಗೆ ಲೆಕ್ಕ ಹತ್ತತೊಡಗಿತು.

ಇಂಥವು ಒಂದೆರಡು ಕೈಗೂಡಿದ ಮೇಲೆ ನನಗೆ ಸ್ವಲ್ಪ ಧಿಮಾಕು ಬಂದಿತ್ತು ಎಂದು ಒಪ್ಪಿಕೊಳ್ಳಬೇಕು. ಅದು ಏರಿದ್ದು ಅಂಕಿಗಳ ಪ್ರಸಂಗದಲ್ಲಿ. ಮರಾಠಿ ಶಾಲೆಗಳಲ್ಲಿ ಓದುವ ಕನ್ನಡ ಮನೆಯ ಮಕ್ಕಳು ಉಕ್ತಲೇಖನದಲ್ಲಿ ಅಂಕಿಗಳನ್ನು ತಿರುವುಮುರುವು ಬರೆಯುತ್ತಿದ್ದರು. ಪಂಚವೀಸ್, ಅಂದರೆ ಇಪ್ಪತ್ತೈದು, ಎಂದು ಹೇಳಿದರೆ ಐವತ್ತೆರಡು ಬರೆಯುವರು. ಕನ್ನಡದಲ್ಲಿ ಇಪ್ಪತ್ತು ಮೊದಲು, ಐದು ಆಮೇಲೆ. ಬಾಯಿ ಹೇಳಿದ ಸಾಲಿನಲ್ಲೇ ಕೈ ಬರೆಯುತ್ತದೆ. ಮರಾಠಿಯಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. ಮಗು ಕೇಳಿದಂತೆ ಬರೆದಿತ್ತು. ಇದನ್ನು ನಾನು ಸಭೆಯಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದಾಗ ಎಲ್ಲರೂ ತಲೆದೂಗಿದರು. ಚೌಗುಲೆಯವರು ಕನ್ನಡದವರು, ಅದಕ್ಕೇ ಹಿಡಿದರು ಎಂದರು. ನಾನೂ ಹಾಗೇ ಅಂದುಕೊಂಡೆ.

ಈಗ ಹುಣಸಿ ಸಾಲಿಗೆ ಬರುತ್ತೇನೆ.

ಮಿರಜಿನ ಪೇಟೆಯ ಹಿಂದೆ, ರೈಲು ಹಳಿಗಳ ಈಚೆ ಕಡೆ, ಮೂರು ಕೋಣೆಯ ಒಂದು ಮರಾಠಿ ಶಾಲೆ. ಹಿಂದೊಮ್ಮೆ ಅಂಗಳದಲ್ಲಿ ಹುಣಸೆಮರ ಇತ್ತಂತೆ, ನಾನು ನೋಡಿದ್ದು ಅದರ ಬುಡವನ್ನು ಮಾತ್ರ. ಜತ್ತ ಮತ್ತು ವಿಜಯಪುರದ ಕಡೆಯಿಂದ ಹಮಾಲಿಗೆ, ಗೌಂಡಿ ಕೆಲಸಕ್ಕೆ ಬಂದವರ ಮಕ್ಕಳು ಅಲ್ಲಿ ಓದುತ್ತಿದ್ದರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕನ್ನಡ, ಪಾಟಿಯ ಮೇಲೆ ಮರಾಠಿ. ಕನ್ನಡ ಶಾಲೆ ದೂರ, ಅಲ್ಲದೆ ಮರಾಠಿ ಕಲಿತರೆ ಇಲ್ಲಿ ಕೆಲಸ ಸಿಗುತ್ತದೆ ಎಂಬುದು ತಂದೆತಾಯಿಗಳ ಎಣಿಕೆ. ಅಲ್ಲಿಯ ಮುಖ್ಯ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಹೆಡ್ ಬಾಯಿ, ಅವರ ಹೆಸರು ಹಿರೇಮಠ. ಎತ್ತರದ, ನೇರ ಮಾತಿನ ಹೆಂಗಸು. ಒಂದನೆಯ ತರಗತಿಗೆ ತಾವೇ ಪಾಠ ಹೇಳುತ್ತಿದ್ದರು. ಮೊದಲ ಕೆಲವು ತಿಂಗಳು ಮಕ್ಕಳೊಂದಿಗೆ ಕನ್ನಡದಲ್ಲೇ ಮಾತಾಡಿ, ನಿಧಾನವಾಗಿ ಮರಾಠಿಗೆ ತರುವುದು ಅವರ ಕ್ರಮ. ನಿಯಮದಲ್ಲಿ ಅದು ಕೂಡುವುದಿಲ್ಲ. ನಾನು ನೋಡಿಯೂ ನೋಡದಂತೆ ಇರುತ್ತಿದ್ದೆ.

ನನ್ನ ನಿವೃತ್ತಿಗೆ ಆರು ತಿಂಗಳಿರುವಾಗ ಹೊಸ ಪದ್ಧತಿ ಬಂತು. ಕಾಗದ ಹೋಗಿ ಟ್ಯಾಬ್. ಟ್ಯಾಬಿನಲ್ಲಿ ಒಂದು ಚಿತ್ರ, ಅದರ ಕೆಳಗೆ ಮರಾಠಿಯಲ್ಲಿ ಐದು ಪ್ರಶ್ನೆ. ಪ್ರಶ್ನೆಯನ್ನು ಇದ್ದಂತೆ ಓದಬೇಕು, ಬಿಡಿಸಿ ಹೇಳಕೂಡದು. ವರ್ಗದ ಶಿಕ್ಷಕರು ಒಳಗಿರಕೂಡದು. ಚಿತ್ರವನ್ನಾಗಲಿ ಪ್ರಶ್ನೆಯನ್ನಾಗಲಿ ಅವರಿಗೆ ತೋರಿಸಕೂಡದು. ಉತ್ತರ ಒತ್ತಿ ಕಳಿಸಿದ ಮೇಲೆ ತಿದ್ದಲು ಬರುವುದಿಲ್ಲ. ಅದೇ ವರ್ಷ ಇನ್ನೊಂದು ಸುದ್ದಿಯೂ ಬಂದಿತ್ತು: ಮಕ್ಕಳು ಕಡಿಮೆ ಇದ್ದು ಕೆಂಪಿನಲ್ಲಿರುವ ಶಾಲೆಗಳನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸುತ್ತಾರೆ. ಹುಣಸಿ ಸಾಲಿಯ ಮಕ್ಕಳಿಗೆ ಆ ಹತ್ತಿರದ ಶಾಲೆ ಹಳಿಗಳ ಆಚೆ. ಕಾಗದದ ಮೇಲೆ ಅದು ಹತ್ತಿರವೇ. ಆರು ವರ್ಷದ ಮಗು ಮಿರಜ ಜಂಕ್ಷನ್ನಿನ ಹಳಿ ದಾಟಿ ಹೋಗಬೇಕು ಎಂದರೆ ಯಾವ ತಾಯಿ ಕಳಿಸುತ್ತಾಳೆ? ಆ ಶಾಲೆ ಮುಚ್ಚಿದರೆ ಅರ್ಧ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ ಎಂದು ನನಗೂ ಗೊತ್ತಿತ್ತು, ಹಿರೇಮಠ ಬಾಯಿಗೂ ಗೊತ್ತಿತ್ತು.

ಒಂದನೆಯ ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಕರೆದೆ. ಚಿತ್ರ ಒಂದು ಮನೆಯ ಅಂಗಳದ್ದು. ಹಸಿರು ಸೀರೆಯ ಹರೆಯದ ಹೆಂಗಸು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ. ಬಿಳಿಕೂದಲಿನ ಮುದುಕಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಾಳೆ. ಒಬ್ಬ ಗಂಡಸು ಸೈಕಲ್ ಒರೆಸುತ್ತಿದ್ದಾನೆ. ಮೊದಲ ಪ್ರಶ್ನೆ: ಆಯಿ ಕುಠೆ ಆಹೆ, ದಾಖವ್. ಆಯಿ ಎಲ್ಲಿದ್ದಾಳೆ, ತೋರಿಸು. ಉಳಿದ ನಾಲ್ಕೂ ಅದೇ ಆಯಿಯ ಸುತ್ತ: ಏನು ಮಾಡುತ್ತಿದ್ದಾಳೆ, ಕೈಯಲ್ಲಿ ಏನಿದೆ, ಸೀರೆಯ ಬಣ್ಣ ಯಾವುದು, ಪಕ್ಕದಲ್ಲಿ ಯಾರು.

ಎಲ್ಲಿ, ಏನು, ಯಾರು ಎನ್ನುವಷ್ಟು ಮರಾಠಿ ಆ ಮಕ್ಕಳಿಗೆ ಆಗಲೇ ಬರುತ್ತಿತ್ತು. ಮೊದಲ ಮಗು ಮುದುಕಿಯನ್ನು ತೋರಿಸಿತು. ಅಕ್ಕಿ ಹಸನು ಮಾಡುತ್ತಾಳೆ, ಕೈಯಲ್ಲಿ ಮೊರ ಇದೆ ಎಂದಿತು. ಐದಕ್ಕೆ ಐದೂ ತಪ್ಪು. ಎರಡನೆಯದೂ ಹಾಗೇ. ನಾಲ್ಕನೆಯ ಮಗುವಿನ ಹೊತ್ತಿಗೆ ನನ್ನ ಹುಬ್ಬು ಗಂಟಿಕ್ಕಿತು. ಎಲ್ಲರೂ ಅದೇ ಮುದುಕಿ, ಅದೇ ಮೊರ. ತಪ್ಪು ಮಾಡುವ ಮಕ್ಕಳು ಬೇರೆ ಬೇರೆ ತಪ್ಪು ಮಾಡುತ್ತಾರೆ. ಎಲ್ಲರೂ ಒಂದೇ ತಪ್ಪು ಮಾಡಿದರೆ ಯಾರೋ ಹೇಳಿಕೊಟ್ಟಿದ್ದಾರೆ ಎಂದೇ ಅರ್ಥ. ಇದು ನನ್ನ ಅಷ್ಟು ವರ್ಷದ ಅನುಭವದ ಪಾಠ.

ಭಾಗ್ಯಶ್ರೀ ಎಂಬ ಹುಡುಗಿ ಬಂದಾಗ ನನ್ನ ದನಿ ಬಿರುಸಾಗಿತ್ತು. ಅವಳೂ ಮುದುಕಿಯ ಮೇಲೆ ಬೆರಳಿಟ್ಟಳು. ನೀಟ ಬಘ್ ಎಂದೆ, ಸರಿಯಾಗಿ ನೋಡು ಎಂದು. ಅವಳು ನೋಡಿದಳು. ಮತ್ತೆ ಅಲ್ಲೇ ಬೆರಳಿಟ್ಟು, ಈ ಸಲ ಒತ್ತಿ ಹಿಡಿದು, "ಹೀಚ್ ಆಯಿ," ಎಂದಳು. ಇವಳೇ ಆಯಿ. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದಳು. ಹೆದರಿದ ನೋಟವಲ್ಲ. ಇಷ್ಟು ದೊಡ್ಡ ಮನುಷ್ಯನಿಗೆ ಆಯಿ ಯಾರು ಎಂದು ಗೊತ್ತಿಲ್ಲವಲ್ಲ ಎಂದು ಮರುಗಿದಂತಿತ್ತು. ನಾನು ತಪ್ಪಿನ ಗುರುತು ಒತ್ತಿ ಮುಂದಿನ ಮಗುವನ್ನು ಕರೆದೆ.

ಪ್ರತಿ ಶಾಲೆಯಲ್ಲಿ ಶೇರಾ ಪುಸ್ತಕ ಎಂದು ಒಂದಿರುತ್ತದೆ. ನೋಡಲು ಬಂದ ಅಧಿಕಾರಿ ತನ್ನ ಅಭಿಪ್ರಾಯವನ್ನು ಅದರಲ್ಲಿ ಬರೆದು ಸಹಿ ಹಾಕಬೇಕು. ಪುಟಗಳಿಗೆ ಅಂಕಿ ಹಾಕಿರುತ್ತದೆ, ಹರಿಯಲು ಬರುವುದಿಲ್ಲ. ಅದರಲ್ಲಿ ಮರಾಠಿಯಲ್ಲಿ ಎರಡು ಸಾಲು ಬರೆದೆ: ಒಂದನೆಯ ತರಗತಿಯ ಮಕ್ಕಳೆಲ್ಲರೂ ಒಂದೇ ತಪ್ಪು ಉತ್ತರ ಕೊಟ್ಟಿದ್ದಾರೆ. ಉತ್ತರಗಳನ್ನು ಮೊದಲೇ ಹೇಳಿಕೊಟ್ಟಂತೆ ಕಾಣುತ್ತದೆ.

ಹಿರೇಮಠ ಬಾಯಿ ಅದನ್ನು ನಿಂತುಕೊಂಡೇ ಓದಿದರು. ಅವರ ಮುಖ ಕಿವಿಯ ತನಕ ಕೆಂಪೇರಿತು.

"ಸರ್, ನಾ ಏನೂ ಹೇಳಿಕೊಟ್ಟಿಲ್ಲರಿ. ಯಾವ ಪ್ರಶ್ನೆ ಅದು, ಅದನ್ನರೆ ಹೇಳ್ರಿ."

"ಗೋಪನೀಯ ಆಹೆ, ಬಾಯಿ," ಎಂದೆ ನಾನು. ಆಕೆ ಕನ್ನಡದಲ್ಲಿ ಕೇಳಿದರೂ ನಾನು ಮರಾಠಿಯಲ್ಲೇ ಉತ್ತರಿಸಿದೆ. ಕೆಲಸದ ಮೇಲಿದ್ದಾಗ ಮರಾಠಿ ಬಿಟ್ಟು ಮಾತಾಡುತ್ತಿರಲಿಲ್ಲ, ಕನ್ನಡದವರ ಪಕ್ಷ ವಹಿಸುತ್ತಾನೆ ಎಂದು ಯಾರೂ ಅನ್ನಬಾರದು ಎಂದು.

"ಹೇಳಿಕೊಡೂದಾದ್ರ ತಪ್ಪ ಯಾಕ ಹೇಳಿಕೊಡ್ಲಿರಿ? ಅಷ್ಟರೆ ವಿಚಾರ ಮಾಡ್ರಿ," ಎಂದರು.

ಅದು ಎಷ್ಟು ಸರಳ ಪ್ರಶ್ನೆ. ಅಲ್ಲೇ ನಿಂತು ಒಂದು ನಿಮಿಷ ಯೋಚಿಸಿದ್ದರೆ ಈ ಕಥೆ ಅಂದೇ ಮುಗಿಯುತ್ತಿತ್ತು. ನಾನು ಗಾಡಿಗೆ ಕಿಕ್ ಹೊಡೆದು ಹೊರಟುಬಿಟ್ಟೆ. ಆಮೇಲೆ ಬಾಯಿ ಮಕ್ಕಳನ್ನೂ ಕೇಳಿದ್ದರಂತೆ. "ಆಯಿ ಎಲ್ಲಿ ಅದಾಳ ಅಂದ್ರು, ತೋರಿಸಿದ್ವಿ. ಅಕ್ಕಿ ಹಸನ ಮಾಡಾಕತ್ತಿದ್ಲು," ಎಂದು ಮಕ್ಕಳು ಹೇಳಿದವು. ಚಿತ್ರ ನೋಡದ ಬಾಯಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆಕೆಯೂ ಆ ಮಾತನ್ನು ಕನ್ನಡದ ಕಿವಿಯಿಂದಲೇ ಕೇಳಿದ್ದರು.

ಶೇರಾದಲ್ಲಿ ಅನುಮಾನ ಬರೆದರೆ ಆ ಶಾಲೆಯ ಉಳಿದ ತರಗತಿಗಳ ಅಂಕವನ್ನೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹುಣಸಿ ಸಾಲಿ ಕೆಂಪಿಗೆ ಹೋಯಿತು. ಎರಡು ವಾರದಲ್ಲಿ ಸೇರಿಸಬೇಕಾದ ಶಾಲೆಗಳ ಯಾದಿಯಲ್ಲಿ ಅದರ ಹೆಸರು ಬಂತು, ಬಾಯಿಗೆ ನೋಟೀಸು ಹೋಯಿತು.

ಅದರ ಮುಂದಿನ ರವಿವಾರ ನಾನು ಆರಗಕ್ಕೆ ಹೋಗಿದ್ದೆ. ಅಲ್ಲಿ ನನ್ನ ಅಕ್ಕ ಪದ್ದಕ್ಕನ ಮನೆ. ಅವಳ ಸೊಸೆ ವೈಶಾಲಿ ಬುಧಗಾಂವದ ಮರಾಠಿ ಮನೆಯವಳು. ಮೂರು ವರ್ಷದ ಅವಳ ಮಗಳು ತಾಯಿಯ ಮಾತನ್ನೇ ಕಲಿತಿದ್ದಳು. ನಾನು ಪಡಸಾಲೆಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆ. ಹಿತ್ತಲಲ್ಲಿ ಆಡುತ್ತಿದ್ದ ಮಗು ಬಿದ್ದು, "ಆಯೀ," ಎಂದು ಅತ್ತಿತು. ಅಡಿಗೆಮನೆಯಿಂದ ವೈಶಾಲಿ ಓಡಿದಳು. ದೇವರ ಕೋಣೆಯಿಂದ ಮೊಣಕಾಲು ಹಿಡಿದುಕೊಂಡು ಅಕ್ಕನೂ ಓಡಿದಳು. ಬಾಗಿಲಲ್ಲಿ ಇಬ್ಬರೂ ಡಿಕ್ಕಿ ಹೊಡೆದುಕೊಂಡರು. ವೈಶಾಲಿ ನಗುತ್ತಾ ಮಗುವನ್ನು ಎತ್ತಿಕೊಂಡಳು.

ಅಕ್ಕ ಉಸಿರು ಬಿಡುತ್ತಾ ಬಂದು ನನ್ನ ಹತ್ತಿರ ಕುಳಿತಳು. "ದಿನಾ ಇದ ಆತ ನೋಡಪಾ. ಆಯಿ ಅಂತಂದ್ರ ನನ್ನ ಕರದಂಗ ಆಗಿ ನಾ ಎದ್ದ ಓಡ್ತೇನಿ. ಅದಕ್ಕ ಬೇಕಾದಾಕಿ ಅವರವ್ವ. ನನ್ನ ಹೆಸರ ಕಸಗೊಂಡ ಕುಂತಾಳ ಈ ಸೊಸಿ."

ಎಲ್ಲರೂ ನಕ್ಕರು. ನಾನು ಚಹಾದ ಬಟ್ಟಲನ್ನು ಕೆಳಗಿಟ್ಟೆ.

ನಮ್ಮ ಕಡೆಯ ಕನ್ನಡ ಮನೆಗಳಲ್ಲಿ ಹೆತ್ತವಳು ಅವ್ವ, ಅಜ್ಜಿ ಆಯಿ. ಮರಾಠಿಯಲ್ಲಿ ಹೆತ್ತವಳೇ ಆಯಿ. ಶಬ್ದ ಒಂದೇ, ಒಂದು ತಲೆಮಾರಿನ ಅಂತರ. ಹುಣಸಿ ಸಾಲಿಯ ಮಕ್ಕಳು ಆಯಿ ಎಂದು ಕೇಳಿದ ಕೂಡಲೇ ತಮ್ಮ ಆಯಿಯನ್ನು ತೋರಿಸಿದ್ದರು. ಅವಳು ಏನು ಮಾಡುತ್ತಿದ್ದಾಳೆ, ಕೈಯಲ್ಲಿ ಏನಿದೆ, ಎಲ್ಲವನ್ನೂ ಚಾಚೂ ತಪ್ಪದೆ ಹೇಳಿದ್ದರು. ಒಂದು ಮಗುವೂ ತಪ್ಪಿರಲಿಲ್ಲ.

ನಾಚಿಕೆಯಾಯಿತು ಎಂದರೆ ಕಡಿಮೆಯಾಯಿತು. ನಮ್ಮ ಅವ್ವ ಹೊಲಕ್ಕೆ ಹೋಗುತ್ತಿದ್ದಳು, ನನ್ನನ್ನು ಬೆಳೆಸಿದವಳೇ ನನ್ನ ಆಯಿ. ಅಕ್ಕಿಯಲ್ಲ, ಜೋಳ ಹಸನು ಮಾಡುತ್ತಾ ಪಕ್ಕದಲ್ಲಿ ಕೂಡಿಸಿಕೊಂಡು ನನಗೆ ಅಕ್ಷರ ತಿದ್ದಿಸಿದವಳು. ಅಂಕಿಯ ವಿಷಯದಲ್ಲಿ ಕನ್ನಡ ಮಕ್ಕಳ ತೊಂದರೆಯನ್ನು ಹಿಡಿದೆನೆಂದು ಸಭೆಯಲ್ಲಿ ಬೀಗಿದವನು, ನನ್ನ ಬಾಯಲ್ಲೇ ಬೆಳೆದ ಶಬ್ದವನ್ನು ಗುರುತಿಸಲಿಲ್ಲ. ಕಾರಣ ಹುಡುಕಬೇಕಿಲ್ಲ. ಶಾಲೆಯ ಮೆಟ್ಟಿಲು ಹತ್ತುವಾಗ ಕನ್ನಡದ ಕಿವಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಡುವುದು ನನಗೆ ರೂಢಿಯಾಗಿತ್ತು.

ಮರುದಿನ ಕಚೇರಿ ತೆರೆಯುವ ಹೊತ್ತಿಗೆ ಸಾಹೇಬರ ಮುಂದೆ ನಿಂತಿದ್ದೆ. ಇವರು ಬೇರೆ ಸಾಹೇಬರು, ನನಗಿಂತ ವಯಸ್ಸಿನಲ್ಲಿ ಚಿಕ್ಕವರು, ಕೆಟ್ಟವರಲ್ಲ. ಮರಾಠಿಯಲ್ಲಿ ನಡೆದ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಚೌಗುಲೆ, ಯಾದಿ ಮೇಲೆ ಹೋಗಿದೆ. ನಿಮ್ಮ ನಿವೃತ್ತಿಗೆ ಎಷ್ಟು ದಿನ ಉಳಿದವು?"

"ಐದು ತಿಂಗಳು, ಸಾಹೇಬ."

"ಹಾಗಾದರೆ ಇದನ್ನೆಲ್ಲ ಯಾಕೆ ಕೆದಕುತ್ತೀರಿ? ನಿಮ್ಮ ಮೇಲೇ ಚೌಕಶಿ, ವಿಚಾರಣೆ ಬರುತ್ತದೆ. ಮರಾಠಿ ಶಾಲೆಯ ಮಕ್ಕಳಿಗೆ ಆಯಿ ಎಂದರೆ ಗೊತ್ತಿರಬಾರದೇ ಎಂದು ಕೇಳಿದರೆ ಏನು ಹೇಳುತ್ತೀರಿ?"

"ವರ್ಷದ ಕೊನೆಗೆ ಗೊತ್ತಿರುತ್ತದೆ, ಸಾಹೇಬ. ಅವು ಶಾಲೆಗೆ ಬಂದು ಎರಡು ತಿಂಗಳಾಗಿದೆ. ನಾವು ಅವು ಏನು ಕಲಿತವು ಎಂದು ನೋಡಲಿಲ್ಲ, ಯಾರ ಮನೆಯಲ್ಲಿ ಹುಟ್ಟಿದವು ಎಂದು ನೋಡಿದೆವು. ಅದಕ್ಕೆ ಕೆಂಪು ಹಚ್ಚಿದೆವು."

ಸಾಹೇಬರು ಪೆನ್ನು ಕೆಳಗಿಟ್ಟರು. "ನಿಮ್ಮ ಮನೆಯಲ್ಲಿ ಯಾವ ಭಾಷೆ?"

"ಕನ್ನಡ."

"ನೀವು ನಿಮ್ಮ ಅಜ್ಜಿಯನ್ನು ಏನೆಂದು ಕರೆಯುತ್ತಿದ್ದಿರಿ?"

"ಆಯಿ."

ಅವರು ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. "ಇದನ್ನು ಅರ್ಜಿಯಲ್ಲಿ ಬರೆಯಬೇಡಿ. ಜನ ನಗುತ್ತಾರೆ."

"ಬರೆಯುತ್ತೇನೆ, ಸಾಹೇಬ. ಬರೆಯದಿದ್ದರೆ ಬಾಯಿ ಹೇಳಿಕೊಟ್ಟರು ಎಂಬ ಮಾತು ಹಾಗೇ ಉಳಿಯುತ್ತದೆ."

ಬರೆದೆ. ತಪ್ಪು ಕೇಳಿದವನದು, ಮಕ್ಕಳದ್ದೂ ಅಲ್ಲ, ಶಿಕ್ಷಕಿಯದ್ದೂ ಅಲ್ಲ ಎಂದು ಬರೆದು ಸಹಿ ಹಾಕಿದೆ. ಸಾಹೇಬರು ಅದರ ಮೇಲೆ ತಮ್ಮ ಒಂದು ಸಾಲು ಸೇರಿಸಿ ತಾವೇ ಮೇಲಿನ ಕಚೇರಿಗೆ ಒಯ್ದರು. ಕಾಗದ ಮೇಲೆ ಹೋಗಿ ಕೆಳಗೆ ಬರಲು ಇಪ್ಪತ್ತು ದಿನ ಹಿಡಿಯಿತು. ಆ ದಿನಗಳಲ್ಲಿ ನಾನು ಪೇಟೆಯ ಆ ದಾರಿ ಬಿಟ್ಟು ಸುತ್ತು ಹಾಕಿ ಓಡಾಡಿದೆ. ಎದುರಿಗೆ ಬಾಯಿ ಸಿಕ್ಕರೆ ಏನು ಹೇಳಲಿ? ನನ್ನ ಮೇಲೆ ಚೌಕಶಿ ನಡೆಯಿತು, ಒಂದು ತಾಕೀತಿನ ಪತ್ರ ಬಂತು. ಅದು ನನ್ನ ಕಡತದಲ್ಲಿದೆ, ಇರಲಿ.

ಕೊನೆಗೆ ಮರುಪರೀಕ್ಷೆಗೆ ಒಪ್ಪಿಗೆ ಬಂತು. ಬೇರೆ ಅಧಿಕಾರಿ ಬರಬೇಕೆಂದು ನಾನೇ ಕೇಳಿಕೊಂಡಿದ್ದೆ. ಮರಾಠಿ ಮನೆಮಾತಿನ ಒಬ್ಬ ಮಹಿಳಾ ಅಧಿಕಾರಿ ಬಂದರು. ನಾನು ಬೇಡಿದ್ದು ಒಂದೇ ರಿಯಾಯಿತಿ: ಪ್ರಶ್ನೆ ಕೇಳುವ ಮೊದಲು ಚಿತ್ರದಲ್ಲಿರುವ ಒಬ್ಬೊಬ್ಬರನ್ನೂ ತೋರಿಸಿ, ನಿಮ್ಮ ಮನೆಯಲ್ಲಿ ಇವರಿಗೆ ಏನಂತೀರಿ ಎಂದು ಕೇಳಿ, ಮರಾಠಿಯಲ್ಲಿ ಏನೆನ್ನುತ್ತಾರೆ ಎಂದು ಹೇಳಬೇಕು.

ಪರೀಕ್ಷೆ ನಡೆಯುವಾಗ ಹಿರೇಮಠ ಬಾಯಿ ಮತ್ತು ನಾನು ಅಂಗಳದಲ್ಲಿ ಹುಣಸೆಯ ಬುಡದ ಹತ್ತಿರ ನಿಂತಿದ್ದೆವು. ಆಚೆ ರೈಲು ಗಾಡಿಯೊಂದು ಶಂಟಿಂಗ್ ಆಗುತ್ತಿತ್ತು. ಬಾಯಿ ನನ್ನ ಕಡೆ ನೋಡಲಿಲ್ಲ.

"ಬಾಯಿ, ನಂದು ತಪ್ಪಾತ್ರಿ," ಎಂದೆ. ಅವರ ಶಾಲೆಯಲ್ಲಿ ನಾನು ಕನ್ನಡ ಮಾತಾಡಿದ್ದು ಅದೇ ಮೊದಲು.

ಅವರು ಗಾಡಿ ಹೋಗುವ ತನಕ ಕಾದರು. "ಸರ್, ಮಂದಿ ಏನಂದ್ರು ನನಗ ನಡೀತೈತ್ರಿ. ನೀವು ನಮ್ಮ ಮಾತ ಬಲ್ಲವರು. ನೀವ ಹಂಗ ಬರದ್ರಲ್ಲಾ, ಅದ ನನಗ ಹತ್ತಿತು. ಇಪ್ಪತ್ತ ದಿನ ನಾ ಮಕ್ಕಳಿಗೆ ಏನ ಕಲಿಸಬೇಕು ಅಂತನ ತಿಳೀಲಾರದಂಗ ಆಗಿತ್ತು."

 

ಒಳಗಿನಿಂದ ಭಾಗ್ಯಶ್ರೀ ಹೊರಗೆ ಬಂದಳು. ನನ್ನ ಗುರುತು ಹತ್ತಿತು. ಹತ್ತಿರ ಬಂದು ನಿಂತು, "ಸರ್, ಸಾಲ್ಯಾಗ ಅವ್ವನ್ನ ಆಯಿ ಅನಬೇಕಂತ್ರಿ," ಎಂದಳು. ನನಗೂ ಇದು ಗೊತ್ತಿರಲಿ ಎಂಬಂತೆ.

"ಹೌದವಾ. ಮನ್ಯಾಗ?"

"ಮನ್ಯಾಗ ಆಯಿನ್ನ ಆಯಿ ಅಂತೀನ್ರಿ. ಆಕಿ ಸಿಟ್ಟ ಮಾಡ್ತಾಳ ಇಲ್ಲಾಂದ್ರ."

ಶಾಲೆ ಹಸಿರಿಗೆ ಹೋಗಲಿಲ್ಲ, ಹಳದಿಗೆ ಬಂತು. ಒಂದನೆಯವರ ಉತ್ತರ ಸರಿಯಾಗಿ, ಉಳಿದ ತರಗತಿಗಳ ಅಂಕವನ್ನೂ ಲೆಕ್ಕಕ್ಕೆ ಹಿಡಿದದ್ದರಿಂದ ಅಷ್ಟಾಯಿತು. ಸೇರಿಸುವ ಯಾದಿಯಿಂದ ಹೆಸರು ಬಿಟ್ಟುಹೋಯಿತು. ಇವತ್ತಿಗೂ ಅಲ್ಲಿ ಶಾಲೆ ನಡೆದಿದೆ, ಹೋದ ವರ್ಷ ಛಾವಣಿಗೆ ಹೊಸ ತಗಡು ಬಿದ್ದಿದೆ.

ಸ್ನೇಹಾ, ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಶಾಲೆಗೆ ಹೋದ ಕೂಡಲೇ ಹಜೇರಿ ನೋಡಬೇಡ, ಯಾದಿಯಲ್ಲಿ ಅದರ ಬಣ್ಣ ಯಾವುದು ಎಂದೂ ನೋಡಬೇಡ. ಮಕ್ಕಳ ಹತ್ತಿರ ಕೂತು, ಮನೆಯಲ್ಲಿ ಯಾರು ಯಾರಿದ್ದಾರೆ, ಅವರನ್ನು ಏನೆಂದು ಕರೆಯುತ್ತೀರಿ ಎಂದು ಕೇಳು. ಹತ್ತು ನಿಮಿಷ ಹೋಗುತ್ತದೆ, ಸಾಹೇಬರು ಬೈಯುತ್ತಾರೆ, ಬೈಯಿಸಿಕೊ. ಎರಡು ಶಾಲೆಗಳ ನಡುವಿನ ಅಂತರ ಯಾವಾಗಲೂ ಶಬ್ದದಿಂದಲೇ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಮೈಗಳ್ಳ ಮಾಸ್ತರರೂ ಇದ್ದಾರೆ, ಹಸಿವೆಯೂ ಇದೆ. ಆದರೆ ಮಾಸ್ತರ ಮೈಗಳ್ಳ ಎಂದು ಬರೆಯುವ ಮೊದಲು, ನೀನು ಕೇಳಿದ ಪ್ರಶ್ನೆಯನ್ನೇ ಮಗು ಕೇಳಿಸಿಕೊಂಡಿತೇ ಎಂದು ನೋಡು.

ಮರುಪರೀಕ್ಷೆ ಮುಗಿದ ದಿನ ನಾನು ಶೇರಾ ಪುಸ್ತಕ ಕೇಳಿದೆ. ಹಳೆಯ ಎರಡು ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಬೇಕೆಂದು ಪೆನ್ನು ತೆಗೆದೆ.

"ಹೊಡೀಬ್ಯಾಡ್ರಿ ಸರ್," ಎಂದರು ಬಾಯಿ. "ಅದು ಇರ್ಲಿ. ಅದರ ಕೆಳಗ ಬರೀರಿ."

ಬರೆಯಲು ಕುಳಿತೆ. ನನ್ನ ಇಡೀ ನೌಕರಿಯಲ್ಲಿ ಸರಕಾರಿ ಪುಸ್ತಕದಲ್ಲಿ ಮರಾಠಿ ಬಿಟ್ಟು ಬೇರೆ ಬರೆದವನಲ್ಲ. ಆ ದಿನ ಕನ್ನಡದಲ್ಲಿ ಬರೆಯಬೇಕೆನಿಸಿತು, ಬಾಯಿಯವರ ಮುಂದೆ, ಅವರ ಮಾತಿನಲ್ಲಿ. ಆರಗದ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತನಕ ಓದಿದವನು. ಕೈಗೆ ಅಕ್ಷರ ಮರೆತುಹೋಗಿತ್ತು, ಒಂದೊಂದನ್ನೂ ನೆನಪು ಮಾಡಿಕೊಂಡು ಇಳಿಸಿದೆ. ಮಕ್ಕಳ ಉತ್ತರ ಸರಿ ಇತ್ತು, ಕೇಳಿದವನದು ತಪ್ಪು. ಕೆಳಗೆ ಸಹಿ.

ಬಾಯಿ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು. ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡು ಬಗ್ಗಿ, ಒಂದು ಅಕ್ಷರದ ಕೆಳಗೆ ಏನನ್ನೋ ಸೇರಿಸಿದರು. ನೋಡಿದರೆ ನಾನು ತಪು ಎಂದು ಬರೆದಿದ್ದೆ. ಒತ್ತಕ್ಷರ ಬಿಟ್ಟುಹೋಗಿತ್ತು.

"ಈಗ ಸರಿ ಆತ್ರಿ, ಸರ್," ಎಂದರು. ಆ ಎರಡು ತಿಂಗಳಲ್ಲಿ ಅವರ ಮುಖದಲ್ಲಿ ನಗು ಕಂಡದ್ದು ಆಗಲೇ.

ಆ ಪುಸ್ತಕ ಈಗ ನಿನ್ನ ಕೇಂದ್ರದಲ್ಲಿದೆ. ಹುಣಸಿ ಸಾಲಿಗೆ ಹೋದಾಗ ಆ ಪುಟ ತೆಗೆದು ನೋಡು. ನಿನಗೆ ಕನ್ನಡ ಓದಲು ಬರದಿದ್ದರೂ ಕೆಂಪು ಶಾಯಿ ಕಾಣುತ್ತದೆ.